ಮಾತಿನ ಬಾಲ

ಕೊಪ್ಪಳದ ಕಡೆ ಯಾರನ್ನಾದರೂ ಕರೆಯುವಾಗ ಬರೀ ‘ಬಾ’ ಅನ್ನುವವರು ಕಡಿಮೆ. ಗೆಳೆಯನಿಗೆ ‘ಬಾರಲೇ’, ಕಿರಿಯನಿಗೆ ‘ಬಾರಪಾ’, ಮನೆಮಗಳಿಗೆ ‘ಬಾರವಾ’, ಹೆತ್ತವ್ವನಿಗೋ ಅಜ್ಜಿಗೋ ‘ಬಾರಬೇ’, ಮಾಸ್ತರರಿಗೂ ಬೀಗರಿಗೂ ‘ಬರ್ರಿ’, ಕಟ್ಟೆಯ ಮೇಲೆ ಕುಂತ ಹುಡುಗರ ದಂಡಿಗೆ ‘ಬರ್ರೆಪಾ’. ಕ್ರಿಯಾಪದ ಒಂದೇ. ಕರೆಯುವವರು ಯಾರು, ಕರೆಸಿಕೊಳ್ಳುವವರು ಯಾರು, ಇಬ್ಬರ ನಡುವೆ ಸಲಿಗೆ ಎಷ್ಟು, ಅಂತರ ಎಷ್ಟು ಎಂಬುದನ್ನೆಲ್ಲ ಹೇಳುವುದು ಕೊನೆಗೆ ಅಂಟಿಕೊಂಡ ಆ ಬಾಲ.

ಕುಷ್ಟಗಿಯಿಂದ ಕೊಪ್ಪಳಕ್ಕೆ ಬರುವ ಬಸ್ಸಿನಲ್ಲಿ ಒಮ್ಮೆ ಮುಂದಿನ ಸೀಟಿನ ನಡುವಯಸ್ಸಿನವರೊಬ್ಬರಿಗೆ ಮೇಲಿಂದ ಮೇಲೆ ಫೋನು ಬರುತ್ತಿತ್ತು. ಮೊದಲನೆಯದಕ್ಕೆ ‘ಹೂಂನ್ರಿ, ಆತ್ರಿ, ಮುಂಜಾನೆ ಬಂದು ಕೊಡತೀನ್ರಿ’ ಅಂದರು. ಸೊಸೈಟಿಯವರೋ ಅಂಗಡಿಯ ಸಾಹುಕಾರರೋ ಇರಬೇಕು. ಎರಡನೆಯದಕ್ಕೆ ‘ಏನಬೇ, ಉಂಡಿ ಇಲ್ಲೋ? ಗುಳಿಗಿ ತಗೊಂಡಿ?’ ಅಂದರು. ಅದು ತಾಯಿ ಎಂದು ಬಸ್ಸಿಗೆಲ್ಲ ಗೊತ್ತಾಯಿತು. ಮೂರನೆಯದಕ್ಕೆ ದನಿ ಏರಿತು: ‘ಹೇಳಲೇ, ಎಲ್ಲಿ ಸತ್ತಿದ್ದಿ ಇಷ್ಟ್ ದಿನಾ?’ ಹಳೆಯ ದೋಸ್ತ. ಆ ಕಡೆಯವರ ಒಂದು ಮಾತೂ ನಮ್ಮ ಕಿವಿಗೆ ಬೀಳಲಿಲ್ಲ, ಬೀಳುವ ಅಗತ್ಯವೂ ಇರಲಿಲ್ಲ. ಮನುಷ್ಯ ಅದೇ, ಸೀಟು ಅದೇ, ಒಂದು ಊರು ದಾಟುವಷ್ಟರಲ್ಲಿ ಮೂರು ಪಾತ್ರ ಮಾಡಿ ಮುಗಿಸಿದ್ದರು.

ಹೀಗೆ ಮಾತಿನ ಬಾಲದಿಂದಲೇ ಪಾತ್ರ ಕಟ್ಟುವುದನ್ನು ಜಪಾನಿನವರು ಒಂದು ಕಸುಬನ್ನೇ ಮಾಡಿಕೊಂಡಿದ್ದಾರೆ. ಅವರ ಕಾರ್ಟೂನು ಚಿತ್ರಗಳಲ್ಲಿ ಒಬ್ಬೊಬ್ಬ ಪಾತ್ರಕ್ಕೆ ಒಂದೊಂದು ವಾಕ್ಯಾಂತ್ಯ. ನರುಟೊ ಎಂಬ ನಿಂಜಾ ಹುಡುಗ ಮಾತು ಮುಗಿಸಿದಾಗೆಲ್ಲ ‘ದತ್ತೆಬಾಯೊ’ ಅನ್ನುತ್ತಾನೆ. ಅದಕ್ಕೆ ಇಂಥದ್ದೇ ಅಂತ ಅರ್ಥವಿಲ್ಲ, ನಮ್ಮವರು ‘ಅಂತೀನಿ ನೋಡ’ ಅಂದ ಹಾಗೆ ಒಂದು ಒತ್ತು ಅಷ್ಟೆ. ಆದರೆ ಅವನ ತಾಯಿಯದು ‘ದತ್ತೆಬಾನೆ’, ಮುಂದೆ ಹುಟ್ಟುವ ಮಗನದು ‘ದತ್ತೆಬಾಸಾ’. ಮೂಗು, ಕಣ್ಣು, ಸಿಟ್ಟು ವಂಶದಲ್ಲಿ ಇಳಿದು ಬಂದಂತೆ ಮಾತಿನ ಬಾಲವೂ ಇಳಿದು ಬಂದಿದೆ. ಅಮೆರಿಕದಲ್ಲಿ ಇಂಗ್ಲಿಷಿಗೆ ಡಬ್ ಮಾಡಿದವರು ಇದಕ್ಕೆ ಏನು ಮಾಡಬೇಕೆಂದು ತಿಳಿಯದೆ, ತುಟಿ ಆಡುವುದಕ್ಕೆ ಹೊಂದುವ ‘ಬಿಲೀವ್ ಇಟ್’ ಎಂಬ ಮಾತನ್ನು ಅಲ್ಲಿ ತುರುಕಿದರು. ಬೆಕ್ಕಿನ ಪಾತ್ರವಾದರೆ ವಾಕ್ಯದ ಕೊನೆಗೆ ‘ನ್ಯಾ’, ನಿಂಜಾ ಹಟ್ಟೋರಿಗೆ ಹಳೆಯ ಕಾಲದ ಬಂಟರ ‘ಗೊಝಾರು’, ಬಿಳಿಗಡ್ಡದ ವಿಜ್ಞಾನಿಯಾದರೆ ‘ಜಾ’.

ಆ ಬಿಳಿಗಡ್ಡದ ‘ಜಾ’ ಹಿಡಿದು ಹೊರಟ ವಿದ್ವಾಂಸರೊಬ್ಬರಿದ್ದಾರೆ, ಒಸಾಕಾ ವಿಶ್ವವಿದ್ಯಾಲಯದಲ್ಲಿದ್ದ ಸತೋಶಿ ಕಿನ್ಸುಯಿ. ಇಂಥ ಮಾತಿಗೆ ‘ಯಾಕುವಾರಿಗೊ’ ಎಂದು ಹೆಸರಿಟ್ಟು 2003ರಲ್ಲಿ ಒಂದು ಪುಸ್ತಕ ಬರೆದರು. ನಾವು ಪಾತ್ರಭಾಷೆ ಅನ್ನಬಹುದು. ಅವರು ಎತ್ತಿದ ಪ್ರಶ್ನೆ ಸರಳ. ನಿಜವಾದ ಪ್ರೊಫೆಸರು ಯಾರೂ ಹೀಗೆ ಮಾತಾಡುವುದಿಲ್ಲ, ಆದರೂ ‘ಜಾ’ ಅಂದ ಕೂಡಲೆ ಪುಟ್ಟ ಮಗುವಿಗೂ ಬಿಳಿಗಡ್ಡ ಕಣ್ಣ ಮುಂದೆ ಬರುತ್ತದಲ್ಲ, ಯಾಕೆ? ಅವರು ಕೊಡುವ ಉತ್ತರ ಇದು. ಇಂದಿನ ಟೋಕಿಯೊ ಅಂದು ಎಡೊ ಆಗಿದ್ದಾಗ, ಅಲ್ಲಿಯ ವಯಸ್ಸಾದ ಪಂಡಿತರು, ವೈದ್ಯರು ಕ್ಯೋಟೊ–ಒಸಾಕಾ ಕಡೆಯ ಹಳೆಯ ಮಾತನ್ನು ಬಿಡದೆ ಆಡುತ್ತಿದ್ದರು. ಹುಡುಗರು ಊರ ಹೊಸ ಮಾತಿಗೆ ಹೊರಳಿದ್ದರು. ನಾಟಕದವರು ಈ ವ್ಯತ್ಯಾಸವನ್ನು ಹಿಡಿದು ರಂಗದ ಮೇಲೆ ತಂದರು. ಪಂಡಿತರು ತೀರಿಹೋದರು, ಅವರ ಮಾತು ಮಾತ್ರ ಕಥೆಗಳಲ್ಲಿ ಉಳಿದು ಕಾರ್ಟೂನಿನ ವಿಜ್ಞಾನಿಯ ಬಾಯಿಗೆ ಬಂದು ಕುಂತಿತು.

ಇದನ್ನು ಓದಿದಾಗ ನನ್ನ ಮನಸ್ಸು ಓಡಿದ್ದು ಮೋರನಾಳಕ್ಕೆ. ಕೊಪ್ಪಳ ತಾಲೂಕಿನ ಆ ಊರಿನ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ, ತೊಂಬತ್ತಾರರ ವಯಸ್ಸಿನಲ್ಲಿ, ಪದ್ಮಶ್ರೀ ಬಂತು. ತೊಗಲು ಗೊಂಬೆ ಆಡಿಸುತ್ತ ಜೀವಮಾನ ಕಳೆದವರು. ಇದೇ ತಾಲೂಕಿನ ಕಿನ್ನಾಳದಲ್ಲೂ ಗೊಂಬೆಗಳಿವೆ, ಹಗುರ ಕಟ್ಟಿಗೆಯವು, ಮೈತುಂಬ ಬಣ್ಣದವು, ಆದರೆ ಅವು ಮಾತಾಡುವುದಿಲ್ಲ. ಮೋರನಾಳದವು ಒಂದೇ ಸಮ ಮಾತಾಡುತ್ತವೆ.

ಹದ ಮಾಡಿದ ಆಡಿನ ತೊಗಲು, ಅದರ ಮೇಲೆ ಬಣ್ಣ, ಒಳಗೆ ಬೆಳಕು ಹಾಯಲು ಕೊರೆದ ತೂತು, ಮುಂದೆ ಬಿಳಿ ಪರದೆ, ಹಿಂದೆ ದೀಪ. ಚಿತ್ರಕ್ಕೆ ಜೀವ ಬರಿಸುವ ಕೆಲಸ ಅಂದರೆ ಇದೇ ಅಲ್ಲವೆ? ನಮ್ಮ ಹಳ್ಳಿಗಳಲ್ಲಿ ಕಾರ್ಟೂನು ಬರುವ ಎಷ್ಟೋ ಕಾಲದ ಮೊದಲೇ ಅದು ನಡೆದಿತ್ತು. ಮಳೆ ಹೋದ ವರ್ಷ ಊರವರು ಗೊಂಬೆ ಆಡಿಸುವವರನ್ನು ಕರೆಸಿ ಆಟ ಆಡಿಸುತ್ತಿದ್ದರು, ಆಡಿಸಿದರೆ ಮಳೆ ಬರುತ್ತದೆ ಎಂಬ ನಂಬಿಕೆಯಿಂದ. ಗೊಂಬೆಗಳ ಗಾತ್ರದಲ್ಲೂ ಒಂದು ಲೆಕ್ಕವಿದೆ. ದೇವರು, ರಾಜರು ದೊಡ್ಡವು. ಸೇವಕರು, ಮಂದಿ ಸಣ್ಣವು. ನೋಡುವವರಿಗೆ ಪರದೆಯ ಮೇಲೆ ಕಣ್ಣಿಟ್ಟ ಕೂಡಲೆ ಅಂತಸ್ತು ಗೊತ್ತಾಗುತ್ತದೆ. ಕಣ್ಣು ಮುಚ್ಚಿ ಕೇಳಿದರೂ ಗೊತ್ತಾಗುತ್ತದೆ, ಏಕೆಂದರೆ ಮಾತಿಗೂ ಅದೇ ಲೆಕ್ಕ. ರಾಮ ಬಾಯಿ ತೆರೆದರೆ ‘ಎಲೈ ಲಕ್ಷ್ಮಣನೇ’ ಎಂಬ ಧಾಟಿ, ಪೂರ್ತಿ ಗ್ರಾಂಥಿಕ, ವಾಕ್ಯ ಮುಗಿಯುವಷ್ಟರಲ್ಲಿ ಉಸಿರು ಮುಗಿಯಬೇಕು. ಅದೇ ಪರದೆಯ ಮೇಲೆ ಡೊಳ್ಳು ಹೊಟ್ಟೆಯ ಕರಿಯ ಕೋಡಂಗಿ ಕಿಳ್ಳೇಕ್ಯಾತ, ಅವನ ಹೆಂಡತಿ ಬಂಗಾರಕ್ಕ ಬಂದರೆ ಊರ ಮಾತು ಬಂತು. ‘ಏನಬೇ’, ‘ಹೋಗಲೇ’, ಬೈಗುಳ, ಪೋಲಿ ಹಾಡು, ಒಂದಿಷ್ಟು ಗುದ್ದಾಟ. ಇಷ್ಟೂ ದನಿಗಳನ್ನು ಕೊಡುವವರು ಪರದೆಯ ಹಿಂದಿನ ಒಂದು ಕುಟುಂಬದ ಗಂಡಸರು, ಹೆಂಗಸರು. ಗೊಂಬೆ ಆಡಿಸುವ ಶಿಳ್ಳೇಕ್ಯಾತ ಸಮುದಾಯದ ಮನೆಮಾತು ಮರಾಠಿಗೆ ಹತ್ತಿರದ್ದು. ಆಟದ ಮಾತು ಕನ್ನಡ. ಅಂದರೆ ರಾಮನ ಕನ್ನಡವೂ ಕಿಳ್ಳೇಕ್ಯಾತನ ಕನ್ನಡವೂ ಎರಡೂ ಅವರು ಕೇಳಿ ಕೇಳಿ ಗಳಿಸಿದ್ದು. ಅಂಥವರ ಕಿವಿ ಎಷ್ಟು ಚುರುಕಿರಬೇಕು ಎಂದು ಯೋಚಿಸಿ ನೋಡಿ.

ದೊಡ್ಡಾಟದಲ್ಲೂ ಇದೇ ಕಥೆ. ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ರಾಜ ಕುಣಿಯುತ್ತ ಬರುತ್ತಾನೆ. ಸಾರಥಿ ಎದುರು ನಿಂತು ಯಾರು ನೀವು, ಯಾವೂರು ಎಂದು ಕೇಳುತ್ತಾನೆ. ರಾಜನಿಗೆ ‘ಭಲಾ ಸಾರಥಿ’ ಅನ್ನದೆ ವಾಕ್ಯ ಶುರುವಾಗುವುದಿಲ್ಲ, ಅಕ್ಷರಗಳಿಗೆ ಬೇಕಿಲ್ಲದ ಕಡೆಯೂ ಮಹಾಪ್ರಾಣ ಸೇರುತ್ತದೆ. ಗದ್ದೆಯಲ್ಲಿ ಹಗಲೆಲ್ಲ ದುಡಿದು ಬಂದ ಮನುಷ್ಯ ರಾತ್ರಿ ರಾಜನಾಗಲು ಬಣ್ಣಕ್ಕಿಂತ ಹೆಚ್ಚು ಬೇಕಾದದ್ದು ಆ ಮಹಾಪ್ರಾಣ. ಸಾರಥಿ ಮಾತ್ರ ತನ್ನ ಊರ ಮಾತಿನಲ್ಲೇ ನಿಂತಿರುತ್ತಾನೆ. ಅವನಿಗೆ ಅದರಿಂದ ಒಂದು ಸವಲತ್ತೂ ಸಿಗುತ್ತದೆ. ರಾಜನ ಠೀವಿಯನ್ನು ಎದುರಿಗೇ ಗೇಲಿ ಮಾಡಬಹುದು, ಊರ ಗೌಡನ ಮೇಲೆ ಒಂದು ಕುಟುಕು ಕುಟುಕಬಹುದು, ಕೇಳುತ್ತ ಕುಂತವರನ್ನು ಮಾತಿಗೆ ಎಳೆಯಬಹುದು.

ಹಾಗಾದರೆ ನಮ್ಮ ಊರ ಮಾತನ್ನು ಕೋಡಂಗಿಯ ಬಾಯಿಗೆ ಮೊದಲು ಹಾಕಿದವರು ನಾವೇ ಆಯಿತಲ್ಲ ಎಂದು ಯಾರಾದರೂ ಕೇಳಬಹುದು. ಹಾಕಿದ್ದು ನಿಜ. ಆದರೆ ಅಲ್ಲಿ ನಗುವವರು ಯಾರು ಎಂದು ನೋಡಬೇಕು. ಕಿಳ್ಳೇಕ್ಯಾತ ‘ಹೋಗಲೇ’ ಅಂದಾಗ ನಗುವವರೂ ಮನೆಗೆ ಹೋಗಿ ‘ಹೋಗಲೇ’ ಅನ್ನುವವರೇ. ಕೋಡಂಗಿ ಅವರ ಕಡೆಯವನು, ಪರದೆಯ ಮೇಲೆ ಅವರ ವಕೀಲ. ಅಲ್ಲಿ ವಿಚಿತ್ರವಾಗಿ ಕೇಳುವುದು ರಾಜನ ಮಾತೇ.

ಸಿನಿಮಾ ಬಂದ ಮೇಲೆ ಈ ಲೆಕ್ಕ ತಲೆಕೆಳಗಾಯಿತು. ಕನ್ನಡ ಚಿತ್ರಗಳಲ್ಲಿ ನಾಯಕನದು ಮೈಸೂರು–ಬೆಂಗಳೂರಿನ ಮಾತು, ನಾಯಕಿಯದೂ ಅದೇ, ನಾಯಕನ ತಾಯಿಯದೂ ಅದೇ. ‘ಐತಿ’, ‘ಬರ್ರಿ’, ‘ಯಪ್ಪಾ’ ಎಲ್ಲ ಎಷ್ಟೋ ಸಲ ಬಿಳಿ ಟೋಪಿ, ಕಚ್ಚೆ ಧೋತ್ರ ಉಟ್ಟು ಬೆಂಗಳೂರಿನ ಬಸ್ ನಿಲ್ದಾಣದಲ್ಲಿ ಇಳಿದು ದಾರಿ ತಪ್ಪುವವನ ಪಾಲಿಗೆ ಬಂದವು. ಇಲ್ಲಿ ನಗುವವರು ಬೇರೆ, ನಗಿಸಿಕೊಳ್ಳುವವರು ಬೇರೆ. ಅದಕ್ಕಿಂತ ನನಗೆ ಕಿರಿಕಿರಿ ಆಗುವುದು ಆ ಮಾತನ್ನು ಬರೆಯುವ ರೀತಿ. ಬೆಂಗಳೂರಿನ ವಾಕ್ಯವನ್ನೇ ಬರೆದು ಕೊನೆಗೆ ‘ಐತ್ರಿ’ ಅಂಟಿಸಿದರೆ ಉತ್ತರ ಕರ್ನಾಟಕ ಆಯಿತು ಎಂದು ತಿಳಿದವರು ಬಹಳ. ಒಂದೇ ಉಸಿರಿನಲ್ಲಿ ಒಬ್ಬನಿಗೇ ‘ಲೇ’ಯನ್ನೂ ‘ರೀ’ಯನ್ನೂ ಹಚ್ಚಿ ಮಾತಾಡಿಸುತ್ತಾರೆ. ಹಾಗೆ ಯಲಬುರ್ಗಾದಲ್ಲಿ ಯಾರಾದರೂ ಮಾತಾಡಿದರೆ ಎದುರಿಗಿದ್ದವರು ಹಣೆ ಮುಟ್ಟಿ ಜ್ವರ ನೋಡುತ್ತಾರೆ. ಆ ಚಿತ್ರಗಳಲ್ಲಿ ಮಗ ಅಪ್ಪನಿಗೆ ‘ಲೇ’ ಅನ್ನುತ್ತಾನೆ. ‘ಬೇ’ ಹೆಂಗಸರಿಗೆ ಮೀಸಲು ಎಂಬುದು ಗೊತ್ತಿಲ್ಲದೆ ಗಂಡಸಿಗೂ ಅಂಟಿಸುತ್ತಾರೆ, ಹಿಂದಿ ಚಿತ್ರದ ‘ಅಬೇ’ ಕಿವಿಯಲ್ಲಿ ಕುಂತಿರಬೇಕು. ಇನ್ನು ತಾಲೂಕು ತಾಲೂಕಿಗೆ ಧಾಟಿ ಹೊರಳುತ್ತದೆ ಎಂಬುದನ್ನಂತೂ ಕೇಳಲೇಬೇಡಿ. ಯಲಬುರ್ಗಾದ ಮಾತಿಗೆ ರೋಣ–ಗದಗಿನ ಗಾಳಿ, ಕುಷ್ಟಗಿಗೆ ಇಳಕಲ್ಲು–ಹುನಗುಂದದ್ದು. ಗಂಗಾವತಿಯ ಕಡೆ ತುಂಗಭದ್ರೆಯ ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ಗದ್ದೆ ಮಾಡಿದವರ ಕ್ಯಾಂಪುಗಳಿವೆ, ಅಲ್ಲಿಯ ಪೇಟೆಯಲ್ಲಿ ಕನ್ನಡದ ‘ರೀ’ಯೂ ತೆಲುಗಿನ ‘ಅಂಡಿ’ಯೂ ಒಂದೇ ಕಟ್ಟೆಯ ಮೇಲೆ ಚಹಾ ಕುಡಿಯುತ್ತವೆ. 1956ರವರೆಗೆ ಕೊಪ್ಪಳದ ಕಡೆಯೆಲ್ಲ ಹೈದರಾಬಾದ್ ರಾಜ್ಯದ ಸೀಮೆಯಾಗಿದ್ದರಿಂದ ಉರ್ದು ಮಾತುಗಳೂ ಬೇಕಾದಷ್ಟು.

ಇಲ್ಲಿ ಒಂದು ಹಳೆಯ ದಾಖಲೆಯನ್ನು ನೆನಪಿಸಬೇಕು. ರಾಷ್ಟ್ರಕೂಟ ದೊರೆ ನೃಪತುಂಗನ ಆಸ್ಥಾನದಲ್ಲಿ 9ನೇ ಶತಮಾನದ ನಡುವಿನಲ್ಲಿ ಸಿದ್ಧವಾದ ‘ಕವಿರಾಜಮಾರ್ಗ’ ಕನ್ನಡದ ತಿರುಳು ಯಾವ ನಾಡಿನದು ಎಂದು ಹೇಳುವಾಗ ನಾಲ್ಕು ಊರು ಎಣಿಸುತ್ತದೆ. ಕಿಸುವೊಳಲು, ಪುಲಿಗೆರೆ, ಒಕ್ಕುಂದ, ಇವುಗಳ ಜೊತೆಗೆ ಕೊಪಣ. ಆ ಕೊಪಣವೇ ಇಂದಿನ ಕೊಪ್ಪಳ. ಬೆಂಗಳೂರಿನ ಹೆಸರು ಅದರಲ್ಲಿಲ್ಲ. ಇದನ್ನು ನಮ್ಮವರು ಭಾಷಣಗಳಲ್ಲಿ ಎದೆ ತಟ್ಟಿ ಹೇಳುತ್ತಾರೆ, ರಾಜ್ಯೋತ್ಸವದ ದಿನವಂತೂ ತಪ್ಪುವುದಿಲ್ಲ. ನನಗೆ ಆ ಹೆಮ್ಮೆಗಿಂತ ಅದೇ ಗ್ರಂಥದ ಇನ್ನೊಂದು ಮಾತು ಹಿಡಿಸುತ್ತದೆ. ದೇಸಿಗಳು ಬೇರೆ ಬೇರೆಯಾಗಿರುವುದರಿಂದ ಅವುಗಳ ತಪ್ಪು ಎಣಿಸಲು ಹೊರಟರೆ ವಾಸುಕಿಗೂ ಬೇಸರ ಬಂದೀತು ಎಂಬರ್ಥದ ಮಾತು ಅದು. ಸಾವಿರದ ನೂರೆಪ್ಪತ್ತು ವರ್ಷಗಳ ಹಿಂದಿನ ಆ ಕಾವ್ಯಶಾಸ್ತ್ರಜ್ಞನಿಗೆ ಇದ್ದ ತಿಳಿವಳಿಕೆ ಶಾಲೆಯಲ್ಲಿ ‘ಐತಿ’ ಅಂದ ಹುಡುಗನನ್ನು ನಿಲ್ಲಿಸಿ ‘ಇದೆ ಅನ್ನು’ ಎಂದು ಗದರುವವರಿಗೆ ಇದ್ದಿದ್ದರೆ! ಬರೆಯುವಾಗ ‘ಇದೆ’ ಕಲಿಯಲಿ, ಬೇಡ ಅಂದವರು ಯಾರು? ಮೈದಾನದಲ್ಲಿ ಕಬಡ್ಡಿ ಆಡುವಾಗಲೂ ‘ಇದೆ’ ಅನ್ನಬೇಕೆ?

ಊರ ಮಾತನ್ನು ಮರ್ಯಾದೆಯಿಂದ ಬಳಸಿದವರು ಇಲ್ಲವೆಂದಲ್ಲ. ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ 1990ರಲ್ಲಿ ಬಂತು, ‘ನಾಗಮಂಡಲ’ 1997ರಲ್ಲಿ. ಎರಡರಲ್ಲೂ ಉತ್ತರದ ಮಾತು ಸಂತನ ಬಾಯಲ್ಲಿದೆ, ಪ್ರೀತಿಸುವವರ ಬಾಯಲ್ಲಿದೆ, ಅಳುವವರ ಬಾಯಲ್ಲಿದೆ. ‘ನಾಗಮಂಡಲ’ಕ್ಕೆ ಹಾಡು ಬರೆದ ಗೋಪಾಲ ವಾಜಪೇಯಿ ಲಕ್ಷ್ಮೇಶ್ವರದವರು, ಅಂದರೆ ಕವಿರಾಜಮಾರ್ಗದ ಪುಲಿಗೆರೆಯವರು. ರಾಜ್ಯದ ದಕ್ಷಿಣದವರೂ ಆ ಚಿತ್ರಗಳನ್ನು ನೋಡಿದರು, ಮಾತು ತಿಳಿಯಲಿಲ್ಲ ಎಂದು ಎದ್ದು ಹೋಗಲಿಲ್ಲ.

ನಗೆಯ ಕ್ಷೇತ್ರದಲ್ಲೇ ಈ ಲೆಕ್ಕವನ್ನು ಮತ್ತೆ ನೆಟ್ಟಗೆ ನಿಲ್ಲಿಸಿದವರು ಗಂಗಾವತಿಯ ಪ್ರಾಣೇಶ್. ಹರಪನಹಳ್ಳಿಯ ಹಾಸ್ಯ ಬರಹಗಾರ ಬೀಚಿಯವರನ್ನು ಗುರುವೆಂದು ತಿಳಿದು ಆ ಹೆಸರನ್ನು ತಮ್ಮ ಹೆಸರಿಗೆ ಸೇರಿಸಿಕೊಂಡವರು. ಪ್ರಾಣೇಶರು ವೇದಿಕೆಯ ಮೇಲೆ ಒಂದು ಮೈಕು ಹಿಡಿದು ನಿಂತರೆ ಅತ್ತೆ, ಸೊಸೆ, ಮಾಸ್ತರು, ಕುಡುಕ, ಬೀಗರು ಎಲ್ಲರೂ ಬಂದು ಹೋಗುತ್ತಾರೆ. ವೇಷವಿಲ್ಲ, ಪರದೆಯಿಲ್ಲ. ‘ರೀ’ ಎಲ್ಲಿ ಎಳೆಯಬೇಕು, ‘ಪಾ’ ಎಲ್ಲಿ ಕಡಿಯಬೇಕು ಎಂಬ ಹಿಡಿತದಲ್ಲೇ ಪಾತ್ರ ಎದ್ದು ನಿಲ್ಲುತ್ತದೆ. ಮುಖ್ಯವಾದದ್ದು ಏನೆಂದರೆ ಅಲ್ಲಿ ಕಥೆ ಹೇಳುವವನ ಮಾತೂ ಅದೇ. ಹೇಳುವವನದು ಶಿಷ್ಟ ಮಾತು, ಕಥೆಯೊಳಗಿನ ದಡ್ಡನದು ಮಾತ್ರ ಹಳ್ಳಿ ಮಾತು ಎಂಬ ಭೇದ ಇಲ್ಲ. ಬೆಂಗಳೂರಿನವರೂ ನಗುತ್ತಾರೆ, ಆದರೆ ಆ ಮಾತನ್ನು ನೋಡಿ ಅಲ್ಲ, ಆ ಮಾತಿನೊಳಗೆ ಕುಂತು.

ಈಗ ಮಕ್ಕಳ ವಿಷಯಕ್ಕೆ ಬರೋಣ. ಜಪಾನಿನ ಕಾರ್ಟೂನು ಡೊರೆಮಾನ್ ಭಾರತದ ಟಿವಿಗೆ 2005ರಲ್ಲಿ ಬಂತು, ಅದರ ಬೆನ್ನಿಗೆ ಶಿನ್‌ಚಾನ್. ಎರಡೂ ನಮ್ಮ ಮನೆಗಳಿಗೆ ಹಿಂದಿಯಲ್ಲೇ ಬಂದವು. ನಮ್ಮ ಓಣಿಯ ಮಕ್ಕಳು ಶಿನ್‌ಚಾನ್‌ನ ಆ ಎಳೆದೆಳೆದು ಆಡುವ ಹಿಂದಿಯನ್ನು ಎಷ್ಟು ಚೆನ್ನಾಗಿ ಅಣಕಿಸುತ್ತವೆಂದರೆ ಕೇಳಿದ ದೊಡ್ಡವರಿಗೆ ಸಿಟ್ಟೂ ನಗೂ ಕೂಡಿಯೇ ಬರುತ್ತದೆ. ಆ ಮಕ್ಕಳಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಮೂಲ ಜಪಾನಿಯಲ್ಲಿ ಶಿನ್‌ಚಾನ್ ತನ್ನನ್ನು ‘ಓರಾ’ ಎಂದು ಕರೆದುಕೊಳ್ಳುತ್ತಾನೆ. ‘ನಾನು’ ಎಂಬುದಕ್ಕೆ ಅದು ಹಳ್ಳಿಗಾಡಿನವರ ಮಾತು, ಟೋಕಿಯೊದ ನಯದ ಮಾತಲ್ಲ. ಅವನ ಅಪ್ಪ ಉತ್ತರದ ಅಕಿತಾ ಸೀಮೆಯವನು, ಅವ್ವ ದಕ್ಷಿಣದ ಕುಮಾಮೊಟೊದವಳು. ಅಕಿರಾ ತೊರಿಯಾಮಾ 1984ರಲ್ಲಿ ಶುರು ಮಾಡಿದ ‘ಡ್ರ್ಯಾಗನ್ ಬಾಲ್’ನ ಗೋಕು ಕೂಡ ಅದೇ ‘ಓರಾ’. ಗುಡ್ಡದಲ್ಲಿ ಅಜ್ಜನ ಕೈಯಲ್ಲಿ ಬೆಳೆದ ಹುಡುಗ, ಲೋಕವನ್ನು ಕಾಪಾಡುವ ವೀರ, ಎಷ್ಟು ಬಲಿಷ್ಠನಾದರೂ ಮಾತು ಬದಲಿಸಲಿಲ್ಲ. ಜಪಾನಿನಲ್ಲೂ ಸಾಮಾನ್ಯವಾಗಿ ವೀರನಿಗೆ ಶಿಷ್ಟ ಭಾಷೆ, ರೈತನಿಗೆ ಹಳ್ಳಿ ಭಾಷೆ ಎಂಬ ಪಂಕ್ತಿಭೇದ ಇದೆ, ಕಿನ್ಸುಯಿಯವರೇ ಅದನ್ನು ಎತ್ತಿ ತೋರಿಸಿದ್ದಾರೆ. ಆದರೂ ಜಗತ್ತೇ ಬಲ್ಲ ಇಬ್ಬರು ಹುಡುಗರು ಆ ಪಂಕ್ತಿಯನ್ನು ಮುರಿದು ಕುಂತರು.

ನಮ್ಮಲ್ಲಿ ಡಬ್ಬಿಂಗ್ ಬೇಕೋ ಬೇಡವೋ ಎಂಬ ಜಗಳ ಹತ್ತಾರು ವರ್ಷ ನಡೆಯಿತು. ಮಕ್ಕಳಿಗೆಂದೇ ಕನ್ನಡದ ಚಿಂಟು ಟಿವಿ 2009ರಲ್ಲಿ ಶುರುವಾಯಿತು. ಚಿತ್ರಗಳ ಡಬ್ಬಿಂಗಿಗೆ ದಾರಿ ತೆರೆದದ್ದು 2015ರಲ್ಲಿ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ. ಈಗ ಫೋನಿನಲ್ಲಿ, ಟಿವಿಯಲ್ಲಿ ಕನ್ನಡದ ದನಿ ಕೇಳುತ್ತದೆ, ಸಂತೋಷ. ಆದರೆ ಅಲ್ಲಿ ಹೆಚ್ಚಾಗಿ ಕೇಳುವುದು ಒಂದೇ ಕನ್ನಡ. ಸಿಂಹಕ್ಕೂ ಅದೇ, ಇಲಿಗೂ ಅದೇ, ಮಂತ್ರವಾದಿಗೂ ಅದೇ; ಪಠ್ಯಪುಸ್ತಕವನ್ನು ಯಾರೋ ಗಟ್ಟಿಯಾಗಿ ಓದಿದಂತೆ. ಬೇರೆ ದನಿ ಬೇಕಾದಾಗ ಬರುವುದು ಮತ್ತೆ ಆ ಹುಸಿ ‘ಐತ್ರಿ’.

ಡಬ್ಬಿಂಗ್ ಬರೆಯುವವರಲ್ಲಿ ನನ್ನ ವಿನಂತಿ ದೊಡ್ಡದೇನಲ್ಲ. ಮುಂದಿನ ಸಲ ಒಬ್ಬ ಗೋಕು, ಒಬ್ಬ ನರುಟೊ ಕನ್ನಡಕ್ಕೆ ಬಂದಾಗ ಅವನಿಗೆ ಕುಷ್ಟಗಿಯ ಮಾತು ಕೊಟ್ಟು ನೋಡಿ. ಕೋಡಂಗಿಗಲ್ಲ, ನಾಯಕನಿಗೆ. ಅವನು ಗೆಳೆಯನಿಗೆ ‘ಲೇ’ ಅನ್ನಲಿ, ಗುರುವಿಗೆ ‘ರೀ’ ಅನ್ನಲಿ, ಅವ್ವನಿಗೆ ‘ಬೇ’ ಅನ್ನಲಿ, ಶತ್ರುವಿನ ಎದುರು ನಿಂತು ‘ಬಿಡಂಗಿಲ್ಲ ನೋಡ ಮತ್ತ’ ಅನ್ನಲಿ. ಬರೆಯುವವರು ಬೇಕಾದರೆ ಕೊಪ್ಪಳದ ಈ ತಾಲೂಕುಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ, ದನಿ ಕೊಡುವವರೂ ಇದ್ದಾರೆ. ಬೆಂಗಳೂರಿನ ಸ್ಟುಡಿಯೊದವರು ಒಂದು ಸಲ ಕರೆದರೆ ಸಾಕು, ರಾತ್ರಿ ಬಸ್ಸು ಹತ್ತಿ ಬರುತ್ತಾರೆ.